ಅಮ್ಮ ಕಾಯಿಸಿದ ಎಣ್ಣೆ

ಶಾರ್ಜಾ
9 ಜೂನ್ 2024

ಅಮ್ಮನಿಗೂ ದೀಕ್ಷಿತಕ್ಕನಿಗೂ ರಕ್ಷಿತನ ನಮಸ್ಕಾರ.

ಬಂದು ಮೂರು ವಾರವಾಯಿತು. ನಿನ್ನೆ ಫೋನಿನಲ್ಲಿ ನಾನು ಕೂಗಿದ್ದು ಇಡೀ ಕ್ಯಾಂಪಿಗೆ ಕೇಳಿಸಿತು, ಅಮ್ಮನಿಗೆ ಮಾತ್ರ ಕೇಳಿಸಲಿಲ್ಲ. ಆಕೆಯ ಕಿವಿ ಕೈಕೊಟ್ಟ ಮೇಲೆ ಕಾಗದವೇ ಸರಿ. ಮೋಹನದಾಸಣ್ಣ ಇಲ್ಲಿನ ತಮ್ಮ ಹೋಟೆಲಿಗೆ ಪುಣೆಯಿಂದ ಉಪ್ಪಿನಕಾಯಿ, ಹಪ್ಪಳ ತರಲು ಆಗಾಗ ಹೋಗಿ ಬರುತ್ತಾರಲ್ಲ, ಅವರ ಕೈಯಲ್ಲೇ ಕೊಡುತ್ತೇನೆ. ಅಮ್ಮ ಭೂತಗನ್ನಡಿ ಹಿಡಿದು ನಿಧಾನವಾಗಿ ಓದಲಿ.

ಕೆಲಸ ಗೋದಾಮಿನಲ್ಲಿ. ನನ್ನನ್ನು ಇಲ್ಲಿಗೆ ಕಳಿಸಿದ ಪುಣೆಯ ರಿತೇಶ್ ಸಾರ್ ಹೇಳಿದ ಹಾಗೆಯೇ ಇದೆ, ಮೋಸವಿಲ್ಲ. ಕಬ್ಬಿಣದ ಸಾಮಾನಿನ ರಟ್ಟಿನ ಡಬ್ಬಗಳು ಬರುತ್ತವೆ, ಹಳೇ ಲೇಬಲ್ ಕಿತ್ತು ಹೊಸದು ಅಂಟಿಸಿ ಕಳಿಸುವುದು. ಫೋನನ್ನು ಗೇಟಿನಲ್ಲೇ ಇಟ್ಟುಕೊಳ್ಳುತ್ತಾರೆ, ಅದೊಂದು ಬೇಸರ. ಲೇಬಲ್ ಕೀಳಲು ಇವರು ಥಿನ್ನರ್ ಕೊಟ್ಟಿದ್ದರು. ಬಿಹಾರದ ಹುಡುಗರ ಬೆರಳು ಸುಲಿದುಹೋಗಿತ್ತು, ಬಣ್ಣವೂ ಎದ್ದು ಬರುತ್ತಿತ್ತು. ನನಗೆ ಅಪ್ಪನ ನೆನಪಾಯಿತು. ಊರಿನಿಂದ ಬಸ್ಸಿನಲ್ಲಿ ಹಲಸಿನ ಹಣ್ಣು ಬಂದರೆ ಅಪ್ಪ ಹಡಪಸರದ ಗಾಡಿತಳ ಬಡಾವಣೆಯ ನಮ್ಮ ಹೋಟೆಲಿನ ಹಿಂದೆ ಕುಳಿತು ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು ಕೊಯ್ಯುತ್ತಿದ್ದರಲ್ಲ, ಮೇಣ ಹತ್ತುತ್ತಲೇ ಇರಲಿಲ್ಲ. ಹಲಸಿನ ಮೇಣಕ್ಕೇ ಬಗ್ಗದ ಎಣ್ಣೆ ಈ ಗೋಂದಿಗೆ ಬಗ್ಗುತ್ತದೆಯೇ? ಸವರಿ ಎರಡು ನಿಮಿಷ ಬಿಟ್ಟರೆ ಲೇಬಲ್ ತಾನಾಗಿ ಜಾರಿಬರುತ್ತದೆ. ಸೂಪರ್‌ವೈಸರ್ ಬೆನ್ನು ತಟ್ಟಿದ. ಹೋಟೆಲ್ ಹರಿಶ್ಚಂದ್ರನ ಮಗ ದಡ್ಡನಲ್ಲ ಎಂದು ಇಲ್ಲಿಯಾದರೂ ಗೊತ್ತಾಯಿತು.

ಅಕ್ಕ, ಒಳ್ಳೆಯ ಗಾಣದ ಎಣ್ಣೆ ಕಳಿಸು. ಇಲ್ಲಿ ಸಿಗುವುದಕ್ಕೆ ವಾಸನೆಯೂ ಇಲ್ಲ, ಜಿಡ್ಡೂ ಇಲ್ಲ.

ನಿಮ್ಮ
ರಕ್ಷಿತ


ಹಡಪಸರ, ಪುಣೆ
2 ಜುಲೈ 2024

ಪ್ರಿಯ ರಕ್ಷಿತ,

ನಿನ್ನ ಕಾಗದವನ್ನು ಅಮ್ಮ ನಾಲ್ಕು ಸಲ ಓದಿದಳು. ಅಪ್ಪನ ವಿಷಯ ಬಂದಲ್ಲಿ ಕನ್ನಡಿ ಪಕ್ಕಕ್ಕಿಟ್ಟು ಕಣ್ಣೊರೆಸಿಕೊಂಡಳು. ಆಮೇಲೆ, "ಕೆಲಸಕ್ಕೆ ಎಣ್ಣೆ ಬೇಕಂತೆ ಮಾರಾಯ್ತಿ, ತಲೆಗೆ ಬೇಡವಂತೆಯಾ?" ಎಂದು ನನ್ನನ್ನೇ ಗದರಿಸಿದಳು. ಹಾಗಾಗಿ ಎರಡೂ ಕಳಿಸಿದ್ದೇನೆ. ದೊಡ್ಡ ಕ್ಯಾನಿನಲ್ಲಿರುವುದು ಪಡುಬಿದ್ರೆಯ ಗಾಣದ್ದು, ನಿನ್ನ ಲೇಬಲ್ಲಿಗೆ. ಸಣ್ಣ ಬಾಟಲಿಯದ್ದು ಅಮ್ಮ ಕಾಯಿಸಿದ್ದು, ನಿನ್ನ ಮಂಡೆಗೆ. ಭೋರ್ ಕಡೆಯಿಂದ ಸೊಪ್ಪು ತರುವ ಮುದುಕಿ ತರಕಾರಿ ಮಂಡಿಗೆ ಬಂದಿದ್ದಳು, ಅಮ್ಮ ಅವಳ ಹತ್ತಿರ ಒಂದು ಹೊರೆ ಗರುಗದ ಸೊಪ್ಪು ಕೊಂಡು ತಂದಳು. ಜೊತೆಗೆ ಲಾವಂಚ, ಕಾಳುಮೆಣಸು.

ವಾಸನೆ ಯಾಕೆ ಹೀಗೆ ಎಂದು ಕೇಳಬೇಡ. ಎಣ್ಣೆಯಲ್ಲಿ ಸೊಪ್ಪಿನ ಚಟಪಟ ನಿಂತ ಕೂಡಲೇ ಒಲೆಯಿಂದ ಇಳಿಸಬೇಕು. ಅಮ್ಮನಿಗೆ ಆ ಚಟಪಟ ಕೇಳುವುದಿಲ್ಲ. ನಾನು ಆರಿಸಲು ಹೋದರೆ, "ನಿನಗೆಂಥದು ಗೊತ್ತುಂಟು?" ಎನ್ನುತ್ತಾಳೆ. ಪ್ರತಿ ಸಲವೂ ಒಂದಿಷ್ಟು ಸೀದುಹೋಗುತ್ತದೆ. ಜಗತ್ತಿನಲ್ಲಿ ಇನ್ನೆಲ್ಲೂ ಸಿಗದ ಎಣ್ಣೆ ನಮ್ಮದು.

ನಾನು ಚೆನ್ನಾಗಿದ್ದೇನೆ. ಫ್ಯಾಕ್ಟರಿಯೂ ಚೆನ್ನಾಗಿ ನಡೆಯುತ್ತಿದೆ. ಕುರಕುಂಭದ ಕೆಮಿಕಲ್ ಕಂಪನಿಗಳಿಂದ ವಾಲ್ವುಗಳ ಆರ್ಡರು ಬರುತ್ತಲೇ ಇದೆ. ಈ ವಾರ ಯಂತ್ರ ರಿಪೇರಿಯೆಂದು ಮೂರು ದಿನ ರಜೆ ಕೊಟ್ಟರು, ಮನೆ ಒರೆಸಿ ಮುಗಿಸಿದೆ.

ಅಕ್ಕ ದೀಕ್ಷಿತಾ


ಶಾರ್ಜಾ
18 ಆಗಸ್ಟ್ 2024

ಅಮ್ಮ, ಅಕ್ಕ,

ಎರಡೂ ಎಣ್ಣೆ ತಲುಪಿತು. ಅಮ್ಮನ ಎಣ್ಣೆ ಹಚ್ಚಿಕೊಂಡು ಮಲಗಿದರೆ ಪಕ್ಕದ ಮಂಚದವನು ಎದ್ದು, ಎಲ್ಲೋ ವಯರು ಸುಡುತ್ತಿದೆ ಎಂದು ಲೈಟು ಹಾಕಿದ! ನಾನು ನಕ್ಕು ನಕ್ಕು ಸುಸ್ತಾದೆ. ಅಮ್ಮ, ಬೇಸರ ಮಾಡಬೇಡ. ನನಗೆ ಆ ವಾಸನೆಯಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ.

ನನ್ನನ್ನು ಈಗ ಸೆಕ್ಷನ್ ಇನ್‌ಚಾರ್ಜ್ ಮಾಡಿದ್ದಾರೆ. ಪುಣೆಯಲ್ಲಿ ಅಪ್ಪನ ಹೋಟೆಲು ಮುಚ್ಚಿದ ಮೇಲೆ ನಾನು ಯಾವ ಕೆಲಸದಲ್ಲಿಯೂ ನಿಲ್ಲಲಿಲ್ಲವೆಂದು ನೆಂಟರೆಲ್ಲ ಆಡಿಕೊಂಡರಲ್ಲ, ಅವರಿಗೆ ಹೇಳಿ. ಈಗ ನನ್ನ ಸಹಿ ಇಲ್ಲದೆ ಇಲ್ಲಿಂದ ಒಂದು ಕಂಟೈನರೂ ಹೊರಡುವುದಿಲ್ಲ.

ಅಕ್ಕ, ನಿಮ್ಮ ಫ್ಯಾಕ್ಟರಿಯಲ್ಲಿ ಆರ್ಡರು ನಿಜವಾಗಿಯೂ ಚೆನ್ನಾಗಿದೆಯಲ್ಲ? ಸುಮ್ಮನೆ ಕೇಳಿದೆ.

ರಕ್ಷಿತ


ಹಡಪಸರ
6 ಅಕ್ಟೋಬರ್ 2024

ರಕ್ಷಿತನಿಗೆ ಅಕ್ಕನ ಆಶೀರ್ವಾದ.

ಇನ್‌ಚಾರ್ಜ್ ಸಾಹೇಬರಿಗೆ ಅಭಿನಂದನೆ. ಅಮ್ಮ ಬೀದಿಯವರಿಗೆಲ್ಲ ಪೇಢೆ ಹಂಚಿದಳು. "ಮೇರಾ ರಕ್ಷಿತ್ ಸಾಹಿಬ್ ಜಾಲಾ", ನನ್ನ ರಕ್ಷಿತ ಸಾಹೇಬನಾದ, ಎಂದು ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ ಪಕ್ಕದ ಮನೆಯವರಿಗೆ ಹೇಳುವುದನ್ನು ನೀನು ಕೇಳಬೇಕಿತ್ತು.

ಆರ್ಡರು ಚೆನ್ನಾಗಿದೆಯೋ ಎಂದು ಕೇಳಿದ್ದೀಯ. ಯಾಕೆ ಚೆನ್ನಾಗಿರುವುದಿಲ್ಲ? ನಾನು ವಾಲ್ವು ಪರೀಕ್ಷೆ ಮಾಡಿ ಸೀಲು ಒತ್ತಿದರೆ ಅದು ಇಪ್ಪತ್ತು ವರ್ಷ ಸೋರುವುದಿಲ್ಲ. ನಮ್ಮ ಚಿಂತೆ ಬಿಡು, ನಿನ್ನ ಊಟ ನೋಡಿಕೋ.

ಅಮ್ಮನದು ಒಂದು ಹಟ. ನರಕ ಚತುರ್ದಶಿಯ ದಿನ ಎಣ್ಣೆ ಹಚ್ಚದೆ ಮೀಯಬಾರದಂತೆ. ನಿನ್ನ ಕೋಣೆಯ ಹುಡುಗರಿಗೂ ತಾಯಿ ದೂರವಿದ್ದಾಳಂತೆ, ಅವರಿಗೂ ಹಚ್ಚಬೇಕಂತೆ. ಎರಡು ದಿನ ಒಲೆಯ ಮುಂದೆ ಕುಳಿತು ಒಂದು ದೊಡ್ಡ ಕ್ಯಾನು ತುಂಬ ಕಾಯಿಸಿದಳು. ಸೀದ ವಾಸನೆ ಮೂರನೇ ಮಹಡಿಗೆ ಹೋಗಿ ಜಗಳವೂ ಆಯಿತು. ಮೋಹನದಾಸಣ್ಣ ಆ ಕ್ಯಾನು ನೋಡಿ, "ದೀಕ್ಷಿತಾ, ಇದು ಎಂಥದು, ನಾನು ಎಣ್ಣೆ ವ್ಯಾಪಾರಿಯಾ?" ಎಂದರು. ಆದರೂ ತೆಗೆದುಕೊಂಡರು, ಒಳ್ಳೆಯ ಮನುಷ್ಯ.

ದೀಪಾವಳಿಗೆ ಎಲ್ಲರೂ ಮೀಯಿರಿ.

ಅಕ್ಕ


ಶಾರ್ಜಾ
15 ಡಿಸೆಂಬರ್ 2024

ಅಮ್ಮ, ಅಕ್ಕ,

ಬರೆಯಲು ತಡವಾಯಿತು. ಕೆಲಸ ಮೈಮೇಲೆ ಬಿದ್ದಿದೆ. ರಿತೇಶ್ ಸಾರ್ ಪುಣೆಯಿಂದ ದಿನಾ ಫೋನು ಮಾಡಿ, ಬೇಗ ಬೇಗ ಎನ್ನುತ್ತಾರೆ. ಭಾರತದಲ್ಲಿ ಕಾನೂನು ಬಿಗಿಯಾಗುತ್ತದಂತೆ, ಅದಕ್ಕೆ ಮೊದಲು ಮಾಲು ದಾಟಿಸಬೇಕಂತೆ. ದೊಡ್ಡವರ ವ್ಯವಹಾರ, ನನಗೆ ಯಾಕೆ?

ಅಮ್ಮ, ದೀಪಾವಳಿಗೆ ಎಲ್ಲರೂ ನಿನ್ನ ಎಣ್ಣೆ ಹಚ್ಚಿ ಮಿಂದೆವು. ಬಿಹಾರದ ಹುಡುಗರು ನಿನಗೆ ಪ್ರಣಾಮ ಹೇಳಿದ್ದಾರೆ.

ರಕ್ಷಿತ


ಹಡಪಸರ
9 ಫೆಬ್ರವರಿ 2025

ರಕ್ಷಿತ,

ಅಮ್ಮ ಓದುವ ಕಾಗದ ಮೇಲಿದೆ. ಇದು ಬೇರೆ. ಇದನ್ನು ಚಕ್ಕುಲಿ ಡಬ್ಬದ ತಳದಲ್ಲಿ ಇಟ್ಟಿದ್ದೇನೆ, ಓದಿ ಹರಿದುಹಾಕು.

ಇಷ್ಟು ದಿನ ನಾನು ಬರೆದದ್ದು ಸುಳ್ಳು. ಅಮ್ಮ ಓದುತ್ತಾಳೆಂದು ಬರೆದ ಸುಳ್ಳು. ಫ್ಯಾಕ್ಟರಿಯಲ್ಲಿ ಒಂದು ವರ್ಷದಿಂದ ಕೆಲಸವಿಲ್ಲ. ಯಂತ್ರ ರಿಪೇರಿಯೂ ಇಲ್ಲ, ಏನೂ ಇಲ್ಲ, ಆರ್ಡರಿಲ್ಲದೆ ರಜೆ ಕೊಡುತ್ತಾರೆ. ಅರ್ಧ ಸಂಬಳ. ಎಪ್ಪತ್ತು ಜನರಲ್ಲಿ ಇಪ್ಪತ್ತು ಜನರನ್ನು ಕಳಿಸಿಯಾಯಿತು. ಮೊನ್ನೆ ಚಂದ್ರಪ್ಪನ ಸರದಿ. ನಿನಗೆ ಗೊತ್ತಲ್ಲ, ವಿಜಯಪುರದವರು, ನೀನು ನನಗೆ ಡಬ್ಬಿ ತಂದುಕೊಡುತ್ತಿದ್ದಾಗ ನಿನಗೆ ಶೇಂಗಾ ಕೊಡುತ್ತಿದ್ದವರು. "ಅಕ್ಕಾರ, ಇಪ್ಪತ್ತೆರಡ ವರ್ಷ ಈ ಕೈಲೆ ವಾಲ್ವ್ ತಿರುವೀನ್ರಿ. ಈಗ ಮನ್ಯಾಗ ಕುಂತು ನಳಾ ತಿರುವಕೋತ ಇರು ಅಂತಾರ್ರಿ" ಎಂದು ನಕ್ಕರು. ನಕ್ಕವರು ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಕಾರಣ ಏನೆಂದರೆ, ಚೀನಾದ ವಾಲ್ವುಗಳು. ನೇರ ತಂದರೆ ಭಾರಿ ಸುಂಕ ಬೀಳುತ್ತದೆ. ಯಾರೋ ಅದನ್ನು ಕೊಲ್ಲಿ ದೇಶದಲ್ಲಿ ಇಳಿಸಿ, ಅಲ್ಲೇ ತಯಾರಾದದ್ದೆಂದು ಕಾಗದ ಮಾಡಿ, ಸುಂಕವಿಲ್ಲದೆ ಪುಣೆಗೆ ತರುತ್ತಾರೆ. ನಾವು ಕಬ್ಬಿಣ ಕೊಳ್ಳುವ ಬೆಲೆಗೆ ಅವರು ವಾಲ್ವನ್ನೇ ಮಾರುತ್ತಾರೆ. ಕುರಕುಂಭದವರೆಲ್ಲ ಅದನ್ನೇ ಕೊಳ್ಳುತ್ತಿದ್ದಾರೆ. ನಮ್ಮ ಮಾಲಕರು ಅವಿನಾಶ್ ಸಾಹೇಬರು ಎರಡು ವರ್ಷದಿಂದ ದೂರು ಕೊಡುತ್ತಲೇ ಇದ್ದಾರೆ. ಹಿಂದೆ ಒಮ್ಮೆ ಹಿಡಿದಿದ್ದರಂತೆ. ದಂಡ ಕಟ್ಟಿ, ಮರುತಿಂಗಳೇ ಬೇರೆ ಹೆಸರಿನ ಕಂಪನಿ ಮಾಡಿ ಮತ್ತೆ ತಂದರಂತೆ. ಈಗ ಹಾಗಿಲ್ಲ, ಸಿಕ್ಕಿದರೆ ಜೈಲೇ ಎಂದು ಅಧಿಕಾರಿಗಳು ಹೇಳುತ್ತಿದ್ದಾರೆ. ಆದರೆ ಸಾಕ್ಷಿ ಬೇಕು. ಕಾಗದಪತ್ರವೆಲ್ಲ ಅಚ್ಚುಕಟ್ಟಾಗಿದೆ.

ಮಾಲಕರು ಪೇಟೆಯಿಂದ ಆ ವಾಲ್ವಿನ ಹತ್ತು ಡಬ್ಬ ತರಿಸಿ, ನಮ್ಮದರೊಂದಿಗೆ ಹೋಲಿಸಿ ನೋಡೆಂದು ನನ್ನ ಮೇಜಿನ ಮೇಲೆ ಇಟ್ಟಿದ್ದಾರೆ.

ನಿನಗೆ ಒಂದೇ ಪ್ರಶ್ನೆ. ಅಮ್ಮ ದೀಪಾವಳಿಗೆ ಕಳಿಸಿದ ಎಣ್ಣೆಯನ್ನು ಏನು ಮಾಡಿದೆ? ನಿಜ ಬರೆ.

ಅಕ್ಕ


ಶಾರ್ಜಾ
2 ಮಾರ್ಚ್ 2025

ಅಕ್ಕ,

ಚೀಟಿ ಓದಿದೆ. ಇದನ್ನು ನಿನ್ನ ಕೈಗೇ ಕೊಡಲು ಮೋಹನದಾಸಣ್ಣನಿಗೆ ಹೇಳಿದ್ದೇನೆ. ಚಂದ್ರಪ್ಪನವರ ವಿಷಯ ಓದಿ ಊಟ ಸೇರಲಿಲ್ಲ. ನೀನು ಮೊದಲೇ ಹೇಳಬಾರದಿತ್ತೇ? ಆಗಸ್ಟಿನಲ್ಲಿ ನಾನು ಕೇಳಿದ್ದೆ. ಚೆನ್ನಾಗಿದೆ ಎಂದು ಬರೆದೆ.

ಎಣ್ಣೆಯ ವಿಷಯಕ್ಕೆ ಇಷ್ಟು ಸಿಟ್ಟೇಕೆ? ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆಯೇ ಎಂದು ಬೈಯುತ್ತೀಯ, ಗೊತ್ತು. ಅರ್ಧ ಸಂಬಳದಲ್ಲಿ ಮಾಡಿದ ಎಣ್ಣೆಯೆಂದು ನನಗೆ ತಿಳಿದಿರಲಿಲ್ಲ. ನಿಜ ಹೇಳುತ್ತೇನೆ, ಅಮ್ಮನಿಗೆ ಹೇಳಬೇಡ. ದೀಪಾವಳಿಗೆ ನಾವು ಮೀಯಲೇ ಇಲ್ಲ. ಆ ವಾರ ಕ್ಯಾಂಪಿನ ಟ್ಯಾಂಕಿಯಲ್ಲಿ ನೀರಿರಲಿಲ್ಲ. ಎಣ್ಣೆ ಹಚ್ಚಿಕೊಂಡು ತೊಳೆಯುವುದು ಯಾವುದರಲ್ಲಿ? ಕ್ಯಾನು ಮಂಚದ ಕೆಳಗೇ ಇತ್ತು. ಡಿಸೆಂಬರಿನಲ್ಲಿ ಕೆಲಸದ ಗಡಿಬಿಡಿಯಲ್ಲಿ ಗಾಣದ ಎಣ್ಣೆ ಮುಗಿದುಹೋಯಿತು. ಕಂಟೈನರು ಬಾಗಿಲಲ್ಲಿ ನಿಂತಿತ್ತು. ಆಗ ಅಮ್ಮನ ಎಣ್ಣೆಯನ್ನೇ ಲೇಬಲ್ಲಿಗೆ ಬಳಸಿದೆವು. ರಟ್ಟಿನ ಮೇಲೆ ಸ್ವಲ್ಪ ಹಸಿರು ಕಲೆ ನಿಂತಿತು, ಅದರ ಮೇಲೆಯೇ ಹೊಸ ಲೇಬಲ್ ಹಾಕಿದೆವು. ಪೂರ್ತಿ ಮುಗಿಯಿತು. ತಪ್ಪಾಯಿತು. ಮುಂದಿನ ತಿಂಗಳಿನಿಂದ ಹೆಚ್ಚು ದುಡ್ಡು ಕಳಿಸುತ್ತೇನೆ.

ಇಲ್ಲಿಗೆ ಯಾವ ಮಾಲು ಎಲ್ಲಿಂದ ಬರುತ್ತದೆ ಎಂದು ನನ್ನನ್ನು ಕೇಳಬೇಡ. ನನಗೆ ಗೊತ್ತಿಲ್ಲ.

ರಕ್ಷಿತ


ಹಡಪಸರ
6 ಏಪ್ರಿಲ್ 2025

ರಕ್ಷಿತ,

ಕೂಡಲೇ ಹೊರಟು ಬಾ. ಅಮ್ಮನ ಕಣ್ಣಿನ ಆಪರೇಷನ್ ಮಾಡಿಸಬೇಕು, ನೀನು ಬಾರದೆ ಮಾಡಿಸಿಕೊಳ್ಳುವುದಿಲ್ಲ ಎನ್ನುತ್ತಿದ್ದಾಳೆ. ಎರಡು ವಾರದ ರಜೆಯೆಂದು ಹೇಳಿ ಬಾ, ಆಮೇಲೆ ಹೋಗಬೇಡ. ಆ ಕೆಲಸ ಸಾಕು. ಇಲ್ಲಿಯೇ ಏನಾದರೂ ಮಾಡೋಣ. ಅಪ್ಪನ ಹಾಗೆ ಹೋಟೆಲು ಅಲ್ಲದಿದ್ದರೂ ಒಂದು ಗಾಡಿ ಇಟ್ಟು ಇಡ್ಲಿ ಮಾರಿದರೂ ಆದೀತು. ನಾನು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅರೆದುಕೊಡುತ್ತೇನೆ.

ಯಾಕೆ ಎಂದು ಕೇಳಬೇಡ. ಯಾವ ಕಾಗದಕ್ಕೂ ಇನ್ನು ಸಹಿ ಹಾಕಬೇಡ. ರಿತೇಶನಿಗೆ ನಾನು ಕರೆದೆನೆಂದು ಹೇಳಬೇಡ, ಅಮ್ಮ ಕರೆದಳೆನ್ನು.

ಬೇಗ ಬಾ ತಮ್ಮಾ.

ಅಕ್ಕ


ಶಾರ್ಜಾ
27 ಏಪ್ರಿಲ್ 2025

ಅಕ್ಕ,

ರಜೆ ಸಿಕ್ಕಿತು! ರಿತೇಶ್ ಸಾರ್ ಇಷ್ಟು ಸುಲಭವಾಗಿ ಬಿಡುತ್ತಾರೆಂದು ಅಂದುಕೊಂಡಿರಲಿಲ್ಲ. ಅಮ್ಮನ ಕಣ್ಣು ಎಂದ ಕೂಡಲೇ, "ಹೋಗು, ತಾಯಿಗಿಂತ ದೊಡ್ಡದೇನಿದೆ" ಎಂದರು. ಹಳೇ ಕೆಲವು ಕಾಗದಕ್ಕೆ ಸಹಿ ಬಾಕಿಯಿತ್ತಂತೆ, ಅಷ್ಟು ಮುಗಿಸಿ ಹೋಗೆಂದರು. ಹಾಕಿಕೊಟ್ಟೆ. ಹಳೆಯದಕ್ಕೇನು ತೊಂದರೆ?

ಮೇ ಹನ್ನೊಂದಕ್ಕೆ ಬರುತ್ತೇನೆ. ಅಮ್ಮನಿಗೆ ದೊಡ್ಡ ಅಕ್ಷರ ತೋರಿಸುವ ದೀಪವಿರುವ ಭೂತಗನ್ನಡಿ ಕೊಂಡಿದ್ದೇನೆ. ನಿನಗೆ ಏನೆಂದು ಹೇಳುವುದಿಲ್ಲ. ಗಾಡಿಯ ವಿಷಯ ಯೋಚಿಸುತ್ತಿದ್ದೇನೆ. ಬರೀ ಇಡ್ಲಿ ಬೇಡ, ಬನ್ಸೂ ಮಾಡೋಣ. ಹಡಪಸರದವರು ಬನ್ಸಿಗೆ ಪ್ರಾಣ ಬಿಡುತ್ತಾರೆ.

ರಕ್ಷಿತ


ಯೆರವಡಾ ಜೈಲು, ಪುಣೆ
13 ಜುಲೈ 2025

ಅಕ್ಕ,

ಟಪಾಲಿಗೆ ಹಾಕಿದರೆ ಇಲ್ಲಿ ಓದುತ್ತಾರೆ. ಬಿಡುಗಡೆಯಾಗಿ ಹೊರಟ ಸೋಲಾಪುರದವನೊಬ್ಬನ ಕೈಯಲ್ಲಿ ಕೊಡುತ್ತಿದ್ದೇನೆ.

ನೀನು ಎರಡು ಸಲ ಭೇಟಿಗೆ ಬಂದೆ. ಜಾಲರಿಯ ಆಚೆ ನಿಂತು ವಕೀಲರ ವಿಷಯ, ಅಮ್ಮನ ವಿಷಯ, ಊಟದ ವಿಷಯ ಮಾತಾಡಿದೆ. ಹೇಳಬೇಕಾದ್ದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆದ್ದರಿಂದ ಬರೆಯುತ್ತೇನೆ.

ವಿಮಾನ ನಿಲ್ದಾಣದಿಂದ ನನ್ನನ್ನು ನೇರ ಕಸ್ಟಮ್ಸ್ ಕಚೇರಿಗೆ ಕರೆದುಕೊಂಡು ಹೋದರು. ಕೈಯಲ್ಲಿ ಅಮ್ಮನ ಭೂತಗನ್ನಡಿ ಇತ್ತು, ಅದನ್ನೂ ಚೀಲದಲ್ಲಿ ಹಾಕಿ ಸೀಲು ಮಾಡಿದರು. ಮೇಜಿನ ಮೇಲೆ ಕಾಗದಗಳನ್ನು ಹರಡಿದರು. 'ಈ ವಾಲ್ವುಗಳು ಶಾರ್ಜಾದಲ್ಲಿಯೇ ತಯಾರಾದವು ಎಂದು ದೃಢೀಕರಿಸುತ್ತೇನೆ.' ಎಲ್ಲದರ ಕೆಳಗೂ ನನ್ನ ಸಹಿ. ರಿತೇಶನದು ಎಲ್ಲೂ ಇಲ್ಲ. ಅವನು ಈಗ ಯಾವ ದೇಶದಲ್ಲಿದ್ದಾನೋ ಅವರಿಗೇ ಗೊತ್ತಿಲ್ಲ. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಕೊಂಡ ಎಂದು ಅಪ್ಪ ಹೇಳುತ್ತಿದ್ದರು.

ಅಧಿಕಾರಿ ಕೆಟ್ಟವರಲ್ಲ. ಹೊಡೆಯಲಿಲ್ಲ, ಬೈಯಲಿಲ್ಲ. ಒಂದು ಡಬ್ಬ ತಂದು ಮೂಗಿನ ಹತ್ತಿರ ಹಿಡಿದರು. "ಇದು ಯಾವ ಎಣ್ಣೆ? ಲ್ಯಾಬಿನವರು ತೆಂಗು, ಗರುಗ, ಮೆಣಸು ಎನ್ನುತ್ತಾರೆ" ಎಂದರು. ನನಗೆ ಅಲ್ಲೇ ಅಳು ಬಂತು ಅಕ್ಕ. ಅಷ್ಟು ತಿಂಗಳ ಮೇಲೆ ಮನೆಯ ವಾಸನೆ. ಅಂಗಡಿಯಲ್ಲಿ ಕೊಂಡದ್ದು ಎಂದೆ. ಯಾರು ಕಳಿಸಿದರು ಎಂದು ಮತ್ತೆ ಮತ್ತೆ ಕೇಳಿದರು. ಅಂಗಡಿಯದ್ದೇ ಎಂದೆ. ಕಳಿಸಿದವರ ಹೆಸರು ಹೇಳಿದರೆ ನಿನ್ನನ್ನೂ ಒಳಗೆ ಹಾಕುತ್ತಾರೆ, ಅಮ್ಮನನ್ನೂ ಕರೆಸುತ್ತಾರೆ. ನೀನೂ ಅಂಗಡಿಯದ್ದೇ ಎನ್ನು. ಆ ಎಣ್ಣೆ ನಿನಗೆ ಗೊತ್ತೇ ಇಲ್ಲ ಎನ್ನು. ನಾವು ಅಕ್ಕತಮ್ಮ ಎಂಬುದು ಅವರಿಗೆ ಇನ್ನೂ ಹೊಳೆದಿಲ್ಲ. ಭೇಟಿಗೆ ಬರುವವರ ಪಟ್ಟಿಯನ್ನು ಜೈಲಿನವರು ನೋಡುತ್ತಾರೆ, ಕಸ್ಟಮ್ಸಿನವರು ನೋಡಿದಂತಿಲ್ಲ.

ಕೊನೆಗೆ ನಾನು ಕೇಳಿದೆ, ಲೇಬಲ್ಲಿನ ಅಡಿಯಲ್ಲಿ ನೋಡಬೇಕೆಂದು ನಿಮಗೆ ಹೇಗೆ ಗೊತ್ತಾಯಿತು ಎಂದು. ಹಡಪಸರದ ಒಂದು ಫ್ಯಾಕ್ಟರಿಯಲ್ಲಿ ಒಬ್ಬ ಮೇಡಂ ಡಬ್ಬ ಮೂಸಿ ನೋಡಿ, ಲೇಬಲ್ ಎತ್ತಿ ಕಲೆ ತೋರಿಸಿದರು ಎಂದರು. ಕಲೆಯ ಅಡಿಯಲ್ಲಿ ಹಳೇ ಲೇಬಲ್ಲಿನ ಚೀನೀ ಅಕ್ಷರ ರಟ್ಟಿನ ಮೇಲೆ ಇಳಿದಿತ್ತಂತೆ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ವಾಸನೆ ಗುರುತಿಸುವವರು ಈ ಭೂಮಿಯ ಮೇಲೆ ಮೂವರು. ಅದರಲ್ಲಿ ಒಬ್ಬಳು ಯಾವ ಫ್ಯಾಕ್ಟರಿಗೂ ಹೋದವಳಲ್ಲ, ಒಬ್ಬ ಇಲ್ಲಿದ್ದಾನೆ.

ನೀನು ನನ್ನನ್ನು ಹಿಡಿದುಕೊಡಲು ಕರೆಸಿದೆಯೋ, ಉಳಿಸಲು ಕರೆಸಿದೆಯೋ? ಎರಡು ತಿಂಗಳಿನಿಂದ ಇದೊಂದೇ ಯೋಚನೆ. ಕೆಲವು ದಿನ ನಿನ್ನ ಮೇಲೆ ಎಂಥ ಸಿಟ್ಟು ಬರುತ್ತದೆಂದರೆ, ನಿನ್ನ ಮುಖ ನೆನೆಯಲೂ ಇಷ್ಟವಾಗುವುದಿಲ್ಲ. ಕೆಲವು ದಿನ ಚಂದ್ರಪ್ಪನವರು ಬೆಂಚಿನ ಮೇಲೆ ಕುಳಿತು ಅತ್ತದ್ದು ಕಣ್ಣೆದುರು ಬರುತ್ತದೆ.

ನಾನೂ ಒಂದು ಸುಳ್ಳು ಬರೆದಿದ್ದೆ. ಡಬ್ಬದೊಳಗಿರುವುದು ವಾಲ್ವೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ಪುಣೆಗೆ ಹೋಗುತ್ತದೆ ಎಂದೂ ಗೊತ್ತಿತ್ತು. ನಿನ್ನ ಫ್ಯಾಕ್ಟರಿಗೆ ಏನಾದರೂ ತೊಂದರೆಯೇ ಎಂದು ಕೇಳಿದೆ. ಚೆನ್ನಾಗಿದೆ ಎಂದು ನೀನು ಬರೆದೆ. ನನಗೆ ಬೇಕಾಗಿದ್ದ ಉತ್ತರವೂ ಅದೇ, ಹಾಗಾಗಿ ನಂಬಿದೆ.

ಅಮ್ಮನಿಗೆ ಏನೂ ಹೇಳಬೇಡ.

ರಕ್ಷಿತ


ಹಡಪಸರ
11 ಆಗಸ್ಟ್ 2025

ರಕ್ಷಿತ,

ಇದನ್ನು ಟಪಾಲಿಗೇ ಹಾಕುತ್ತಿದ್ದೇನೆ. ಜೈಲಿನವರು ಓದಿದರೆ ಓದಲಿ. ಇನ್ನು ಮುಚ್ಚಿಡುವುದು ಏನೂ ಉಳಿದಿಲ್ಲ.

ಹೌದು, ಆ ಮೇಡಂ ನಾನೇ. ಫೆಬ್ರವರಿಯಲ್ಲಿ ಡಬ್ಬದ ಮುಚ್ಚಳ ತೆರೆದಾಗ ನಮ್ಮ ಅಡುಗೆಮನೆ ಎದುರು ನಿಂತ ಹಾಗಾಯಿತು. ನಂಬಲಿಲ್ಲ, ನಿನ್ನನ್ನು ಕೇಳಿದೆ. ಎಣ್ಣೆ ಹಾಳು ಮಾಡಿದೆಯೆಂದು ನಾನು ಸಿಟ್ಟಾಗಿದ್ದೇನೆಂದು ತಿಳಿದು ನೀನು ಎಲ್ಲ ಬರೆದುಬಿಟ್ಟೆ. ಆ ಕಾಗದ ಕೈಯಲ್ಲಿ ಹಿಡಿದು ಒಂದು ವಾರ ಕಳೆದೆ. ಆ ವಾರವೇ ಚಂದ್ರಪ್ಪ ಮಗಳ ಕಾಲೇಜು ಬಿಡಿಸಿದರು. ಅಧಿಕಾರಿ ಫ್ಯಾಕ್ಟರಿಗೆ ಬಂದಾಗ ಕಲೆ ತೋರಿಸಿದೆ, ನಿನ್ನ ಹೆಸರು ಹೇಳಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದುಕೊಂಡೆ. ರಿತೇಶ ಸಿಕ್ಕಿಬೀಳುತ್ತಾನೆ, ಅಷ್ಟರೊಳಗೆ ನೀನು ಮನೆಗೆ ಬಂದಿರುತ್ತೀಯ ಎಂದು ಲೆಕ್ಕ ಹಾಕಿದೆ. ಅಮ್ಮನ ಕಣ್ಣಿಗೆ ಏನೂ ಆಗಿರಲಿಲ್ಲ. ನಿನ್ನ ಸಹಿ ಎಲ್ಲೆಲ್ಲಿದೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ನೀನೇ ಹೆಮ್ಮೆಯಿಂದ ಬರೆದಿದ್ದೆ, ನಾನು ಪೇಢೆ ತಿಂದು ಮರೆತಿದ್ದೆ.

ಉಳಿಸಲು ಕರೆಸಿದೆ ಎಂದು ನಾನು ಹೇಳಿದರೆ ನೀನು ನಂಬಬೇಕೆಂದಿಲ್ಲ.

ಮಾಲು ಬರುವುದು ನಿಂತಿದೆ. ಕುರಕುಂಭದ ಆರ್ಡರುಗಳು ವಾಪಸು ಬಂದಿವೆ. ಕಳಿಸಿದ ಇಪ್ಪತ್ತು ಜನರಲ್ಲಿ ಹದಿನೈದು ಜನ ಮತ್ತೆ ಕೆಲಸಕ್ಕೆ ಬಂದರು. ಚಂದ್ರಪ್ಪ ಮೊದಲ ದಿನವೇ ಪೇಢೆ ತಂದು, "ಅಕ್ಕಾರ, ನಿಮ್ಮ ಮೂಗು ನಮ್ಮ ಮನಿ ಉಳಿಸ್ತ್ರೀ. ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಎಂದು ಕೈಗಿಟ್ಟರು. ಅದನ್ನು ಬಾಯಿಗೆ ಹಾಕಿಕೊಳ್ಳಲಾಗಲಿಲ್ಲ. ಕರವಸ್ತ್ರದಲ್ಲಿ ಕಟ್ಟಿ ತಂದು ಬಸ್ ನಿಲ್ದಾಣದ ನಾಯಿಗೆ ಹಾಕಿದೆ.

ನಿನಗೆ ರಜೆ ಸಿಗಲಿಲ್ಲವೆಂದು ಅಮ್ಮನಿಗೆ ಹೇಳಿದ್ದೇನೆ. ನಿನ್ನ ಹೆಸರಿನಲ್ಲಿ ಎರಡು ಕಾಗದ ನಾನೇ ಬರೆದೆ. ಓದಿ, "ಹುಡುಗನ ಅಕ್ಷರ ಹಾಳಾಯಿತು, ಭಾರ ಎತ್ತಿ ಎತ್ತಿ ಕೈ ನಡುಗುತ್ತದೋ ಏನೋ" ಎಂದಳು. ಈ ಸಲದ ದೀಪಾವಳಿಗೆ ಮೊದಲೇ ತಲುಪಲಿ ಎಂದು ನಿನ್ನೆ ಮತ್ತೆ ಎಣ್ಣೆ ಕಾಯಿಸಿದಳು. ಒಂದು ಬಾಟಲಿ ನಿನಗೆ. ಉಳಿದದ್ದನ್ನು ನನ್ನನ್ನು ಮುಂದೆ ಕೂರಿಸಿಕೊಂಡು ನನ್ನ ತಲೆಗೆ ತಿಕ್ಕಿದಳು. ಬೇಡವೆಂದರೆ ಅವಳಿಗೆ ಕೇಳುವುದಿಲ್ಲ. ತೊಳೆದೆ, ವಾಸನೆ ಹೋಗಲಿಲ್ಲ.

ಇವತ್ತು ಅಧಿಕಾರಿ ನನ್ನ ಸಾಕ್ಷಿ ಹೇಳಿಕೆ ಬರೆದುಕೊಳ್ಳಲು ಫ್ಯಾಕ್ಟರಿಗೆ ಬಂದರು. ಮೇಜಿನ ಆಚೆ ಕುಳಿತು ಬರೆಯುತ್ತಿದ್ದವರು ತಲೆಯೆತ್ತಿದರು. ಇನ್ನೊಮ್ಮೆ ಉಸಿರೆಳೆದುಕೊಂಡರು. ಪೆನ್ನು ಕೆಳಗಿಟ್ಟರು.

"ಮೇಡಂ, ಈ ವಾಸನೆ..." ಎಂದರು.

ಅಂಗಡಿಯದ್ದು ಎಂದು ಹೇಳಬಹುದಿತ್ತು. ನೀನು ಎರಡು ತಿಂಗಳು ಹೇಳಿದ ಸುಳ್ಳನ್ನು ನಾನು ಒಮ್ಮೆ ಹೇಳಿದ್ದರೆ ಸಾಕಿತ್ತು. ಅಮ್ಮ ಕಾಯಿಸಿದ್ದು, ನಾನು ಕಳಿಸಿದ್ದು, ರಕ್ಷಿತ ನನ್ನ ತಮ್ಮ ಎಂದೆ. ಮೋಸ ಎಂದು ಪೂರ್ತಿ ತಿಳಿದು ಮಾಡುವವನು ತನ್ನ ತಾಯಿಯ ಎಣ್ಣೆ ಸವರುತ್ತಾನೆಯೇ ಸಾಹೇಬರೇ ಎಂದು ಕೇಳಿದೆ. ಅವರು ಫೈಲು ಮುಚ್ಚಿದರು. ನಾಳೆ ಕಚೇರಿಗೆ ಬನ್ನಿ, ಮನೆಯಲ್ಲಿ ಆ ಎಣ್ಣೆ ಇದ್ದರೆ ತನ್ನಿ ಎಂದರು.

ಅವರು ಹೋದ ಮೇಲೆ ಅವಿನಾಶ್ ಸಾಹೇಬರು ನನ್ನನ್ನು ಒಳಗೆ ಕರೆದರು. ಸಾಕ್ಷಿಯೇ ಆರೋಪಿಯ ಅಕ್ಕ ಎಂದಾದರೆ ರಿತೇಶನ ವಕೀಲರು ಕೇಸನ್ನು ಹರಿದುಹಾಕುತ್ತಾರೆ, ಮಾಲು ಮತ್ತೆ ಬರಲು ಶುರುವಾಗುತ್ತದೆ, ಇಷ್ಟು ಮನೆಗಳ ಅನ್ನದ ಪ್ರಶ್ನೆ, ಗಾಬರಿಯಲ್ಲಿ ಏನೋ ಹೇಳಿದೆನೆಂದು ನಾಳೆ ತಿದ್ದಿ ಹೇಳಿ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಹೊರಗೆ ಬಂದಾಗ ಚಂದ್ರಪ್ಪ ಬಾಗಿಲಲ್ಲೇ ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು. ನನ್ನನ್ನು ನೋಡಿದರು, ತಮ್ಮ ಬೆಂಚಿಗೆ ಹೋಗಿ ವಾಲ್ವು ತಿರುಗಿಸತೊಡಗಿದರು. ನನಗೆ ಹೆದರಿಕೆಯಾಗುತ್ತಿದೆ ರಕ್ಷಿತ. ಅವರಿಗಾಗಿ ನಿನ್ನನ್ನು ಕೊಟ್ಟೆ, ಈಗ ನಿನಗಾಗಿ ಅವರನ್ನು ಕೊಡುತ್ತಿದ್ದೇನೋ ಏನೋ.

ಆದರೆ ತಿದ್ದಿ ಹೇಳುವುದಿಲ್ಲ.

ಅಮ್ಮ ನಿನ್ನ ಬಾಟಲಿಯ ಬಾಯಿಗೆ ಬಟ್ಟೆ ಸುತ್ತಿ, ಸೋರದ ಹಾಗೆ ದಾರ ಬಿಗಿದು ಕೊಟ್ಟಿದ್ದಾಳೆ. "ಮೋಹನದಾಸನ ಕೈಯಲ್ಲೇ ಕೊಡು, ಬೇರೆ ಯಾರಿಗೂ ಕೊಡಬೇಡ. ಈ ಸಲ ಸೀಯಲಿಲ್ಲ, ಚೆನ್ನಾಗಿ ಬಂದಿದೆ ಎಂದು ರಕ್ಷಿತನಿಗೆ ಹೇಳು" ಎಂದಳು. ತೆರೆದು ಮೂಸಿದೆ. ಸೀದಿದೆ. ನಾಳೆ ಅಧಿಕಾರಿಯ ಕಚೇರಿಗೆ ಒಯ್ಯುವ ಚೀಲದಲ್ಲಿ ಆಧಾರ್ ಕಾರ್ಡಿನ ಪಕ್ಕ ಇಟ್ಟಿದ್ದೇನೆ.

ಅಕ್ಕ